ಕಾದಂಬರಿಯ ಸಿನಾಪ್ಸಿಸ್ ಬರೆಯುವುದು ಹೇಗೆ? ಕಾಸರಗೋಡಿನ ಬರಹಗಾರರಿಗೆ ಒಂದು ಕೈಪಿಡಿ

ಕಾದಂಬರಿ ಬರೆದು ಮುಗಿಸಿದವರು ನಮ್ಮ ಕಾಸರಗೋಡಿನ ಕಡೆ ಕಡಿಮೆಯೇನಿಲ್ಲ. ಶಾಲೆಯ ಟೀಚರು, ಬ್ಯಾಂಕಿನಿಂದ ರಿಟೈರ್ ಆದವರು, ಹಗಲು ತೋಟ ನೋಡಿಕೊಂಡು ರಾತ್ರಿ ಬರೆಯುವವರು, ಹೀಗೆ ಎಷ್ಟೋ ಜನರ ಕಪಾಟಿನಲ್ಲಿ ಒಂದೊಂದು ಹಸ್ತಪ್ರತಿ ಇರುತ್ತದೆ. ಮುನ್ನೂರು ಪುಟ ಬರೆಯಲು ಅಂಜದವರು ಎರಡು ಪುಟದ ಸಿನಾಪ್ಸಿಸ್, ಅಂದರೆ ಕಥೆಯ ಸಾರಾಂಶ, ಕೇಳಿದ ಕೂಡಲೇ ತಲೆಗೆ ಕೈ ಹೊತ್ತು ಕೂರುತ್ತಾರೆ. "ಎರಡು ಪುಟದಲ್ಲಿ ಹೇಳಲಿಕ್ಕೆ ಆಗುತ್ತಿದ್ದರೆ ಮುನ್ನೂರು ಪುಟ ಯಾಕೆ ಬರೆಯುತ್ತಿದ್ದೆ ಮಾರಾಯ್ರೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಎರಡು ಪುಟ ನೋಡದೆ ಮುನ್ನೂರು ಪುಟಕ್ಕೆ ಕೈ ಹಾಕುವಷ್ಟು ಪುರುಸೊತ್ತು ಸಾಹಿತ್ಯದ ಏಜೆಂಟರಿಗೆ ಇರುವುದಿಲ್ಲ.

ಯಾರಿಗೆ ಬೇಕು ಇದು?

ಕನ್ನಡದ ಪುಸ್ತಕಲೋಕದಲ್ಲಿ ಏಜೆಂಟ್ ಎಂಬ ಪದ್ಧತಿ ಬೆಳೆದಿಲ್ಲ. ಬರೆದವರು ನೇರವಾಗಿ ಪ್ರಕಾಶಕರಿಗೆ ಫೋನ್ ಮಾಡುತ್ತಾರೆ, ಇಲ್ಲವೇ ಪರಿಚಯದವರ ಮೂಲಕ ಹಸ್ತಪ್ರತಿ ತಲುಪಿಸುತ್ತಾರೆ. ಧಾರವಾಡ, ಹೆಗ್ಗೋಡು, ಬೆಂಗಳೂರು, ಮಂಗಳೂರು, ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ದಾರಿ. ಏಜೆಂಟರು ಬೇಕಾಗುವುದು ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಹೊರಗೆ ಕಳಿಸುವಾಗ. ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್ ಇಂಥ ಏಜೆನ್ಸಿಗಳು. ಇಂಥವರು ನಿಮ್ಮ ಪರವಾಗಿ ಪ್ರಕಾಶಕರ ಜೊತೆ ಮಾತಾಡುತ್ತಾರೆ, ಕರಾರು ನೋಡುತ್ತಾರೆ, ಬಂದ ಹಣದಲ್ಲಿ ತಮ್ಮ ಪಾಲು ಹಿಡಿದು ಉಳಿದದ್ದನ್ನು ನಿಮಗೆ ಕೊಡುತ್ತಾರೆ. ಪಾಲು ಸಾಮಾನ್ಯವಾಗಿ 15%, ವಿದೇಶಿ ಹಕ್ಕು ಮತ್ತು ಅನುವಾದದ ಹಕ್ಕಿಗೆ 20%ರ ಆಸುಪಾಸು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಮೇಲೆ ಈ ಬಗ್ಗೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಒಳ್ಳೆಯದೇ ಆಯಿತು. ಏಜೆಂಟರ ಆಸೆ ಇಲ್ಲದವರೂ ಮುಂದೆ ಓದಬಹುದು. ಕನ್ನಡದ ಪ್ರಕಾಶಕರು, ವಾರಪತ್ರಿಕೆಯ ಧಾರಾವಾಹಿ ವಿಭಾಗದವರು "ಮೊದಲು ಕಥೆಯ ಸಾರಾಂಶ ಕಳಿಸಿ" ಎಂದರೆ ಬೇಕಾಗುವುದೂ ಇದೇ ಬರಹ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಬೆನ್ನುಡಿ ಬೇರೆ, ಸಿನಾಪ್ಸಿಸ್ ಬೇರೆ. ಬೆನ್ನುಡಿ ಯಕ್ಷಗಾನದ ಕರಪತ್ರದ ಹಾಗೆ. ಜನರನ್ನು ಆಟಕ್ಕೆ ಕರೆಯುವುದು ಅದರ ಕೆಲಸ, ಕೊನೆಗೆ ಏನಾಯಿತೆಂದು ಅದು ಹೇಳುವುದಿಲ್ಲ. ಸಿನಾಪ್ಸಿಸ್ ಚೌಕಿಯಲ್ಲಿ ಭಾಗವತರು ವೇಷಧಾರಿಗಳಿಗೆ ಹೇಳುವ ಪ್ರಸಂಗದ ನಡೆ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಯಾರು ಸಾಯುತ್ತಾರೆ, ಮಂಗಳ ಎಲ್ಲಿ, ಎಲ್ಲವೂ ಅಲ್ಲಿ ಬಿಚ್ಚಿಯೇ ಇರುತ್ತದೆ. ನೀವೂ ಏಜೆಂಟರೂ ಒಟ್ಟಿಗೆ ಕೆಲಸ ಮಾಡಬೇಕಾದವರು, ಗುಟ್ಟು ಮಾಡಿ ಏನು ಪ್ರಯೋಜನ?

ಉದಾಹರಣೆಗಾಗಿ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು "ಬಾಯಾರಿನ ನೀರು". ನಡೆಯುವುದು ಬಾಯಾರಿನಲ್ಲಿ, ಒಂದು ಅಡಿಕೆ ತೋಟ, ಒಂದು ಸುರಂಗ, ಒಂದು ಕನ್ನಡ ಶಾಲೆಯ ಸುತ್ತ. ಕೆಳಗಿನ ಉದಾಹರಣೆಗಳೆಲ್ಲ ಇದರಿಂದಲೇ.

ಮೊದಲ ಹೆಜ್ಜೆ: ಹಸ್ತಪ್ರತಿ ಮುಚ್ಚಿ, ಬಾಯಲ್ಲಿ ಹೇಳಿ

ಪುಟ ಮಗುಚುತ್ತಾ ಸಾರಾಂಶ ಬರೆಯಲು ಕೂತರೆ ಕೆಲಸ ಕೆಟ್ಟಿತು. ಪ್ರತಿ ಪುಟದಲ್ಲೂ ನಿಮಗೆ ಇಷ್ಟವಾದ ಸಾಲು ಸಿಗುತ್ತದೆ, ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಅದರ ಬದಲು ಕಾದಂಬರಿ ಓದದ ಒಬ್ಬರನ್ನು ಹಿಡಿಯಿರಿ. ಸಾಹಿತಿಗಳು ಬೇಡ, ಅವರು ನಡುವೆ ತಮ್ಮ ಕಾದಂಬರಿಯ ಕಥೆ ಶುರುಮಾಡುತ್ತಾರೆ. ಅಕ್ಕನೋ, ಬಾವನೋ, ಪಕ್ಕದ ಮನೆಯವರೋ ಸಾಕು. ಐದು ನಿಮಿಷದಲ್ಲಿ ಕಥೆ ಹೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಆಮೇಲೆ ಕೇಳಿ ನೋಡಿ. ಎಲ್ಲೆಲ್ಲಿ ಅವರು "ಅದು ಯಾಕೆ ಹಾಗೆ?" ಎಂದು ಕೇಳಿದರೋ ಅಲ್ಲಿ ಒಂದು ಕಾರಣ ಬಿಟ್ಟುಹೋಗಿದೆ. ಎಲ್ಲೆಲ್ಲಿ ನೀವು "ನಿಲ್ಲಿ, ಅದಕ್ಕೂ ಮೊದಲು ಒಂದು ವಿಷಯ ಹೇಳಬೇಕಿತ್ತು" ಎಂದಿರೋ ಅಲ್ಲಿ ಕ್ರಮ ತಪ್ಪಿದೆ. ಎಲ್ಲಿ ಅವರು ಸುಮ್ನೆ "ಹ್ಞಾಂ, ಹ್ಞಾಂ" ಎಂದರೋ ಆ ಭಾಗ ಸಾರಾಂಶಕ್ಕೆ ಬೇಡದ್ದು ಇರಬಹುದು. ಬಾಯಲ್ಲಿ ಹೇಳುವಾಗ ನೀವು ತನ್ನಿಂತಾನೇ ಬಿಟ್ಟ ಅಧ್ಯಾಯಗಳನ್ನು ಬರೆಯುವಾಗಲೂ ಬಿಡಬಹುದು.

ಎರಡನೇ ಹೆಜ್ಜೆ: ಅಧ್ಯಾಯಕ್ಕೆ ಒಂದು ಸಾಲು

ಈಗ ಹಸ್ತಪ್ರತಿ ತೆರೆಯಿರಿ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಸಾಲು. ಅಧ್ಯಾಯದಲ್ಲಿ ಏನೇನಿದೆ ಎಂದು ಬರೆಯಬೇಡಿ, ಏನು ಬದಲಾಯಿತು ಎಂದು ಬರೆಯಿರಿ. "ಐದನೇ ಅಧ್ಯಾಯ: ಊರಿನ ಜಾತ್ರೆ, ಬಾಲ್ಯದ ನೆನಪು" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. "ಜಾತ್ರೆಯ ರಾತ್ರಿ ತೋಟ ಕೊಳ್ಳುವವನಿಂದ ಗಣಪತಿ ಮುಂಗಡ ತೆಗೆದುಕೊಳ್ಳುತ್ತಾನೆ" ಎಂದರೆ ಬದಲಾವಣೆ ಕಂಡಿತು.

ಏನೂ ಬದಲಾಗದ ಅಧ್ಯಾಯದ ಸಾಲಿಗೆ ಗೀಟು ಎಳೆಯಿರಿ. ಕಾದಂಬರಿಯಲ್ಲಿ ಆ ಅಧ್ಯಾಯ ಚೆಂದವಾಗಿಯೇ ಇರಬಹುದು, ಅಲ್ಲಿ ಅದು ಇರಲಿ. ಇಡೀ ರಾತ್ರಿಯ ಕೋಲದ ಮೂವತ್ತು ಪುಟ ನಿಮ್ಮ ಜೀವವೇ ಆಗಿರಬಹುದು, ಗೊತ್ತು. ಕಥೆಯ ದಿಕ್ಕು ಅಲ್ಲಿ ತಿರುಗದಿದ್ದರೆ ಸಾರಾಂಶದಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ.

ಉಳಿದ ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟು ನಡುವೆ ಒಂದು ಪದ ಹಾಕುತ್ತಾ ಹೋಗಿ: "ಆದ್ದರಿಂದ" ಅಥವಾ "ಆದರೆ". ಎರಡೂ ಹೊಂದದೆ ಬರೀ "ಆಮೇಲೆ" ಮಾತ್ರ ಹೊಂದುತ್ತದೆ ಎಂದಾದರೆ ಅಲ್ಲಿ ಕೊಂಡಿ ಕಳಚಿದೆ. ಅಣ್ಣ ತೋಟ ಮಾರಲು ಬಂದ, ಆಮೇಲೆ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ಆಮೇಲೆ ಸುರಂಗ ಬತ್ತಿತು ಎಂದರೆ ಮೂರು ಸುದ್ದಿ ಓದಿದ ಹಾಗಾಗುತ್ತದೆ. ಏಜೆಂಟರು ನೋಡುವುದು ಈ ಕೊಂಡಿಯನ್ನೇ. ಒಂದು ಘಟನೆ ಇನ್ನೊಂದನ್ನು ಎಳೆದು ತರುತ್ತದೋ ಇಲ್ಲವೋ, ಕಥೆಯ ಮುಖ್ಯ ವ್ಯಕ್ತಿ ಏನಾದರೂ ಮಾಡುತ್ತಾಳೋ ಅಥವಾ ಬರೀ ಅನುಭವಿಸುತ್ತಾಳೋ. ನನ್ನ ಅನಿಸಿಕೆಯಲ್ಲಿ ನಮ್ಮ ಕಡೆಯ ಹಸ್ತಪ್ರತಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಊರಿಗೆ ಅನ್ಯಾಯವಾಗುತ್ತದೆ, ಜನ ನೋಯುತ್ತಾರೆ, ಕೊನೆಗೆ ನಿಟ್ಟುಸಿರು ಬಿಡುತ್ತಾರೆ. ನಡುವೆ ಯಾರೂ ಒಂದು ತೀರ್ಮಾನ ತೆಗೆದುಕೊಳ್ಳುವುದಿಲ್ಲ.

ಮೂರನೇ ಹೆಜ್ಜೆ: ಹೆಸರು ಕಡಿಮೆ ಮಾಡಿ

ನಾಲ್ಕು, ಹೆಚ್ಚೆಂದರೆ ಐದು ಹೆಸರು. ಉಳಿದವರು ಮೇಸ್ತ್ರಿ, ನೆರೆಮನೆಯವಳು, ಹೆಡ್‌ಮಾಸ್ಟರು ಅಷ್ಟೇ. ಮೊದಲ ಸಲ ಹೆಸರು ಬಂದಾಗ ಪಕ್ಕದಲ್ಲಿ ವಯಸ್ಸು ಹಾಕಿ. ಇಂಗ್ಲಿಷ್ ಪ್ರತಿಯಲ್ಲಿ ಮೊದಲ ಸಲದ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ರೂಢಿಯೂ ಇದೆ.

ನಮ್ಮಲ್ಲಿ ಇನ್ನೊಂದು ತೊಂದರೆ ಉಂಟು. ಒಬ್ಬನಿಗೇ ಹತ್ತು ಹೆಸರು. ತಂಗಿಗೆ ಅವನು ಅಣ್ಣ, ತಮ್ಮನ ಮಕ್ಕಳಿಗೆ ದೊಡ್ಡಪ್ಪ, ತಂಗಿಯ ಗಂಡನಿಗೆ ಬಾವ, ಕೆಲಸದವರಿಗೆ ಭಟ್ರು, ಊರಿಗೆ ಮೂಲೆಮನೆ ಗಣಪಣ್ಣ. ಕಾದಂಬರಿಯಲ್ಲಿ ಇದೇ ಜೀವಾಳ. ದೆಹಲಿಯಲ್ಲಿ ಕೂತು ಓದುವವರಿಗೆ ಮಾತ್ರ ಐದು ಜನ ಗಂಡಸರು ಕಾಣುತ್ತಾರೆ. ಸಾರಾಂಶದಲ್ಲಿ ಅವನು ಮೊದಲಿಂದ ಕೊನೆಯವರೆಗೆ ಗಣಪತಿ.

ಕನ್ನಡದಲ್ಲಿ ಬರೆಯುವಾಗ ಏಕವಚನ, ಬಹುವಚನದ ಕಡೆಗೂ ಒಂದು ಕಣ್ಣಿರಲಿ. ತೋಟದ ಯಜಮಾನ "ಹೇಳಿದರು", ಸುರಂಗ ಕೊರೆಯುವ ಎಪ್ಪತ್ತರ ಮುದುಕ "ಹೇಳಿದ" ಎಂದು ಕೈ ತನ್ನಿಂತಾನೇ ಬರೆದುಬಿಡುತ್ತದೆ. ಪಾತ್ರಗಳು ಒಬ್ಬರಿಗೊಬ್ಬರು ಹಾಗೆ ಮಾತಾಡಿಕೊಳ್ಳಬಹುದು, ಸಾರಾಂಶ ಬರೆಯುವ ನೀವು ಹಾಗೆ ಮಾಡಬಾರದು. ಎಲ್ಲರಿಗೂ ಏಕವಚನ ಹಿಡಿದರೆ ಓದಲು ಹಗುರ.

ನಾಲ್ಕನೇ ಹೆಜ್ಜೆ: ಊರಿನ ಚರಿತ್ರೆ ಎಷ್ಟು ಬೇಕು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗಡಿನಾಡಿನವರು ಬರೆದ ಸಾರಾಂಶ ಹೆಚ್ಚಾಗಿ ಹೀಗೆ ಶುರುವಾಗುತ್ತದೆ:

"ಸಪ್ತಭಾಷಾ ಸಂಗಮಭೂಮಿಯಾದ ಕಾಸರಗೋಡು ಕೇರಳದ ಉತ್ತರ ತುದಿಯಲ್ಲಿದೆ. ಹಿಂದೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ನೆಲ 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಅಂದಿನಿಂದ ಇಲ್ಲಿನ ಕನ್ನಡಿಗರ ಬವಣೆ ಹೇಳತೀರದು. ಇಂಥ ನಾಡಿನ ಪ್ರಕೃತಿರಮ್ಯ ಗ್ರಾಮ ಬಾಯಾರು. ಇಲ್ಲಿನ ಸುರಂಗಗಳು ಹಿರಿಯರ ಜಾಣ್ಮೆಗೆ ಸಾಕ್ಷಿ. ಈ ಊರಿನಲ್ಲಿ ಸರೋಜಿನಿ ಎಂಬ ಆದರ್ಶ ಶಿಕ್ಷಕಿ..."

ಎಲ್ಲವೂ ನಿಜ. ಆದರೆ ಆರನೇ ವಾಕ್ಯದವರೆಗೆ ಕಥೆಯಲ್ಲಿ ಒಂದು ಮನುಷ್ಯಪ್ರಾಣಿ ಇಲ್ಲ. ಸರೋಜಿನಿ ಬಂದ ಮೇಲೂ ಅವಳಿಗೆ ಏನು ಬೇಕು ಎಂದು ಗೊತ್ತಾಗುವುದಿಲ್ಲ. ಓದುವವರಿಗೆ ಇದು ಕಾದಂಬರಿಯೋ, ಜಿಲ್ಲಾ ದರ್ಶನವೋ ಎಂಬ ಅನುಮಾನ ಬರುತ್ತದೆ. ಅದೇ ವಿಷಯ ಹೀಗೆ ಬಂದರೆ?

"ಕರ್ನಾಟಕದ ಗಡಿಗೆ ಅಂಟಿಕೊಂಡ ಕೇರಳದ ಹಳ್ಳಿ ಬಾಯಾರು. ಅಲ್ಲಿ ಸರೋಜಿನಿ (48) ಕನ್ನಡ ಮಾಧ್ಯಮ ಶಾಲೆಯ ಟೀಚರು. ಜೂನಿನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆಲೆಕ್ಕ ಆಗುತ್ತದೆ. ಒಂದು ಮಗು ಕಡಿಮೆ ಬಿದ್ದರೆ ಅವಳ ತರಗತಿ ಉಳಿಯುವುದಿಲ್ಲ."

1956 ಎಲ್ಲಿಯೂ ಇಲ್ಲ. ಆದರೆ ಗಡಿ ಇದೆ, ಭಾಷೆಯ ಕಷ್ಟ ಇದೆ, ಅದು ಒಬ್ಬಳ ಕೆಲಸಕ್ಕೇ ಕುತ್ತು ತರುವುದೂ ಇದೆ. ಆರನೇ ದಿನದ ಲೆಕ್ಕ, ಡಿವಿಜನ್ ಫಾಲ್ (ಮಕ್ಕಳು ಸಾಲದೆ ತರಗತಿ ಇಲ್ಲವಾಗುವುದು), ಇದೆಲ್ಲ ಕೇರಳದ ಟೀಚರುಗಳಿಗೆ ನಿತ್ಯದ ಮಾತು. ಹೊರಗಿನವರಿಗೆ ಹೊಸತು, ಆದರೆ ಒಂದೇ ವಾಕ್ಯದಲ್ಲಿ ಅರ್ಥವಾಗುತ್ತದೆ. ಊರಿನ ಯಾವ ವಿವರ ಪಾತ್ರದ ಕೈ ಕಟ್ಟುತ್ತದೋ, ಇಲ್ಲವೇ ಕೈಗೆ ಆಯುಧ ಕೊಡುತ್ತದೋ ಅದು ಮಾತ್ರ ಸಾರಾಂಶದಲ್ಲಿ ಇರಲಿ.

ಸ್ಥಳೀಯ ಪದಗಳಿಗೂ ಇದೇ ಲೆಕ್ಕ. ಸುರಂಗ ಎಂದರೆ ರೈಲು ಹೋಗುವ ದಾರಿ ಎಂದುಕೊಳ್ಳುವವರೇ ಹೆಚ್ಚು. "ನೀರಿಗಾಗಿ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ಸುರಂಗ" ಎಂದು ಒಂದು ಸಲ ಹೇಳಿ, ಮುಂದೆ ಸುರಂಗ ಎಂದಷ್ಟೇ ಬರೆಯಿರಿ. ಅದನ್ನು ಹೇಗೆ ಕೊರೆಯುತ್ತಾರೆ, ಒಳಗೆ ಗಾಳಿ ಇದೆಯೋ ಎಂದು ಮೇಣದಬತ್ತಿ ಹಚ್ಚಿ ಹೇಗೆ ನೋಡುತ್ತಾರೆ ಎಂಬುದೆಲ್ಲ ಕಾದಂಬರಿಗೆ ಬಿಟ್ಟದ್ದು. ಕೋಲ, ತೆಯ್ಯಂ, ತರವಾಡು, ಅಳಿಯಸಂತಾನ ಯಾವುದೇ ಇರಲಿ, ಕಥೆ ಅದರ ಮೇಲೆ ನಿಂತಿದ್ದರೆ ಅರ್ಧ ವಾಕ್ಯದ ವಿವರಣೆ ಕೊಡಿ. ನಿಂತಿಲ್ಲವಾದರೆ ಪದವೇ ಬೇಡ.

ಐದನೇ ಹೆಜ್ಜೆ: ಕೊನೆಯನ್ನು ಬಚ್ಚಿಡಬೇಡಿ

"ಮುಂದೇನಾಯಿತು ಎಂಬುದನ್ನು ಕಾದಂಬರಿ ಓದಿಯೇ ತಿಳಿಯಬೇಕು" ಎಂದು ಮುಗಿಸುವವರಿದ್ದಾರೆ. ಹಾಗೆ ಮಾಡಿದರೆ ಅದು ಬೆನ್ನುಡಿಯಾಯಿತು. ಏಜೆಂಟರು ಸಾರಾಂಶ ಕೇಳುವುದೇ ನೀವು ಕಥೆಯನ್ನು ದಡ ಸೇರಿಸಿದ್ದೀರೋ ಎಂದು ನೋಡಲು. ಕೊಲೆಗಾರ ಯಾರು, ಮದುವೆ ಆಯಿತೋ, ಮನೆ ಉಳಿಯಿತೋ, ಎಲ್ಲ ಹೇಳಿ. ಕದ್ದು ಪ್ರಕಟಿಸಿಬಿಟ್ಟರೆ ಎಂಬ ಹೆದರಿಕೆ ಕೆಲವರಿಗೆ ಇರುತ್ತದೆ. ಎರಡು ಪುಟದ ಕಥೆ ಕದ್ದು ಮುನ್ನೂರು ಪುಟ ಬರೆಯುವ ಕಷ್ಟ ಯಾರಿಗೆ ಬೇಕು ಹೇಳಿ.

ಒಂದು ಮಾದರಿ

ಈಗ "ಬಾಯಾರಿನ ನೀರು" ಕಾದಂಬರಿಯ ಪೂರ್ತಿ ಸಾರಾಂಶ ನೋಡೋಣ. ಬರೆಯುವುದು ಪ್ರಥಮ ಪುರುಷದಲ್ಲಿ, ವರ್ತಮಾನಕಾಲದಲ್ಲಿ. ಕಾದಂಬರಿ "ನಾನು" ಎಂದು ಇದ್ದರೂ ಸಾರಾಂಶ "ಅವಳು" ಎಂದೇ ಇರಲಿ.

"ಕರ್ನಾಟಕದ ಗಡಿಗೆ ಅಂಟಿಕೊಂಡ ಕೇರಳದ ಹಳ್ಳಿ ಬಾಯಾರು. ಅಲ್ಲಿ ಸರೋಜಿನಿ (48) ಕನ್ನಡ ಮಾಧ್ಯಮ ಶಾಲೆಯ ಟೀಚರು. ಅಪ್ಪ ತೀರಿಕೊಂಡ ಮೇಲೆ ಮನೆ, ಅಡಿಕೆ ತೋಟ ನೋಡಿಕೊಂಡಿರುವವಳೂ ಅವಳೇ. ತೋಟಕ್ಕೆ ನೀರು ಬರುವುದು ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಹಳೆಯ ಸುರಂಗದಿಂದ. ಎಪ್ರಿಲಿನಲ್ಲಿ ಅಣ್ಣ ಗಣಪತಿ (55) ಸಾಲ ಮಾಡಿಕೊಂಡು ಮಂಗಳೂರಿನಿಂದ ಮರಳುತ್ತಾನೆ. ತನ್ನ ಪಾಲು ಮಾರಬೇಕು ಎನ್ನುತ್ತಾನೆ. ಕೊಳ್ಳುವವನು ಬೋರ್‌ವೆಲ್ ಕೊರೆಯುವುದು ಖಂಡಿತ, ಕೊರೆದರೆ ಸುರಂಗ ಬತ್ತುತ್ತದೆ. ಸರೋಜಿನಿ ಪಾಲುಪಟ್ಟಿಗೆ ಸಹಿ ಹಾಕಲು ಒಪ್ಪುವುದಿಲ್ಲ.

ಸುರಂಗದ ಮೇಲೆ ಇಬ್ಬರಿಗೂ ಹಕ್ಕಿದೆ ಎಂದು ತೋರಿಸಲು ಅವಳು ಅಪ್ಪನ ಲೆಕ್ಕದ ಪುಸ್ತಕಗಳನ್ನು ಹುಡುಕುತ್ತಾಳೆ. ಒಬ್ಬ ಮೇಸ್ತ್ರಿಗೆ ವರ್ಷಗಟ್ಟಲೆ, ತಿಂಗಳು ತಿಂಗಳು ಕೊಟ್ಟ ಹಣ ಅದರಲ್ಲಿ ಕಾಣುತ್ತದೆ. ಮೇಸ್ತ್ರಿಯನ್ನು ಕೇಳಿದಾಗ ಸತ್ಯ ಹೊರಬೀಳುತ್ತದೆ. ಸುರಂಗ ಕೊರೆಯುವ ಕುಞ್ಞಂಬುವಿನ (70) ತಮ್ಮ ಒಂದು ಕವಲು ಕುಸಿದು ಒಳಗೇ ಸತ್ತಿದ್ದ. ಅಪ್ಪ ಕವಲಿನ ಬಾಯಿ ಮುಚ್ಚಿಸಿ, ಅವನು ಮುಂಗಡ ಹಣ ಹಿಡಿದುಕೊಂಡು ಓಡಿಹೋದನೆಂದು ಸುದ್ದಿ ಹಬ್ಬಿಸಿದ್ದ. ಮೂವತ್ತು ವರ್ಷದಿಂದ ಕುಞ್ಞಂಬು ಕಳ್ಳನ ಅಣ್ಣ ಎನಿಸಿಕೊಂಡು ಬದುಕಿದ್ದಾನೆ.

ಇದನ್ನು ಹೇಳಬೇಕೆಂದೇ ಸರೋಜಿನಿ ಕುಞ್ಞಂಬುವಿನ ಮನೆಗೆ ಹೋಗುತ್ತಾಳೆ. ಆದರೆ ಜೂನಿನ ತಲೆಲೆಕ್ಕಕ್ಕೆ ಅವಳ ತರಗತಿಯಲ್ಲಿ ಒಂದು ಮಗು ಕಡಿಮೆ ಇದೆ. ಟೀಚರು ಮನೆಗೇ ಬಂದರಲ್ಲ ಎಂಬ ಸಂತೋಷದಲ್ಲಿ ಕುಞ್ಞಂಬು ಮೊಮ್ಮಗಳು ಶ್ರೀಜಾಳನ್ನು (6) ಕನ್ನಡ ಶಾಲೆಗೆ ಸೇರಿಸಲು ಮಗಳನ್ನು ಒಪ್ಪಿಸುತ್ತಾನೆ. ಸರೋಜಿನಿ ಬಾಯಿ ಬಿಡದೆ ಹಿಂದಿರುಗುತ್ತಾಳೆ. ತರಗತಿ ಉಳಿಯುತ್ತದೆ.

ಲೆಕ್ಕದ ಪುಸ್ತಕ ಗಣಪತಿಯ ಕೈಗೂ ಸಿಗುತ್ತದೆ. ಸಹಿ ಹಾಕು, ಇಲ್ಲದಿದ್ದರೆ ಕುಞ್ಞಂಬುವಿಗೆ ಹೇಳುತ್ತೇನೆ ಎಂದು ಅವನು ಹೆದರಿಸುತ್ತಾನೆ. ಅವಳು ಸಹಿ ಹಾಕುತ್ತಾಳೆ. ಬೋರ್‌ವೆಲ್ ಬರುತ್ತದೆ, ಮಾರ್ಚ್ ಹೊತ್ತಿಗೆ ಸುರಂಗ ಬತ್ತುತ್ತದೆ. ಟೀಚರ ತೋಟ ಒಣಗುವುದನ್ನು ನೋಡಲಾರದೆ ಕುಞ್ಞಂಬು ಪಿಕ್ಕಾಸು ಹಿಡಿದು ಬರುತ್ತಾನೆ. ಮುಚ್ಚಿದ ಕವಲನ್ನು ಒಡೆದು ಮುಂದೆ ಕೊರೆದರೆ ನೀರು ಸಿಕ್ಕೀತು ಎನ್ನುತ್ತಾನೆ. ಸರೋಜಿನಿ ಎಲ್ಲವನ್ನೂ ಹೇಳುತ್ತಾಳೆ.

ಕುಞ್ಞಂಬು ಮೊಮ್ಮಗಳನ್ನು ಶಾಲೆಯಿಂದ ಬಿಡಿಸುತ್ತಾನೆ. ಕವಲನ್ನು ತಾನೇ ಒಡೆದು ತಮ್ಮನ ಎಲುಬುಗಳನ್ನು ಹೊರತರುತ್ತಾನೆ. ದಹನದ ದಿನ ಸರೋಜಿನಿ ಅಪ್ಪನ ಲೆಕ್ಕದ ಪುಸ್ತಕವನ್ನು ಊರವರ ಎದುರು ಓದುತ್ತಾಳೆ. ಗಣಪತಿ ಅವಳ ಜೊತೆ ಮಾತು ಬಿಡುತ್ತಾನೆ. ಜೂನಿನಲ್ಲಿ ತರಗತಿ ಮುಚ್ಚುತ್ತದೆ, ಬೇರೆ ಶಾಲೆಗೆ ಹೋಗಲು ಅವಳಿಗೆ ಆದೇಶ ಬರುತ್ತದೆ. ಹೊರಡುವ ಮೊದಲು ತನ್ನ ಪಾಲಿನ ತೋಟವನ್ನು ಕುಞ್ಞಂಬುವಿನ ಹೆಸರಿಗೆ ಬರೆದುಕೊಡಲು ಮುಂದಾಗುತ್ತಾಳೆ. ಅವನು ಬೇಡ ಎನ್ನುತ್ತಾನೆ."

ಇದರಲ್ಲಿ ಹೆಸರು ನಾಲ್ಕೇ ನಾಲ್ಕು. ಸತ್ತ ತಮ್ಮನಿಗೆ, ಮೇಸ್ತ್ರಿಗೆ, ತೋಟ ಕೊಳ್ಳುವವನಿಗೆ ಕಾದಂಬರಿಯಲ್ಲಿ ಹೆಸರಿದೆ, ಇಲ್ಲಿ ಬೇಕಾಗಿಲ್ಲ. ಎಲುಬು ಸಿಕ್ಕಿದ ಮೇಲೆ ಪೊಲೀಸರು ಬರುವುದಿಲ್ವಾ ಎಂದು ಕೇಳಬಹುದು. ಬರುತ್ತಾರೆ, ಕಾದಂಬರಿಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ ಎಂದುಕೊಳ್ಳಿ. ಅವರು ಬಂದು ಹೋದದ್ದರಿಂದ ಸರೋಜಿನಿಯ ತೀರ್ಮಾನ ಬದಲಾಗುವುದಿಲ್ಲ, ಹಾಗಾಗಿ ಬಿಟ್ಟದ್ದು. ಜಾತ್ರೆಯ ರಾತ್ರಿಯ ಮುಂಗಡವೂ ಕೊನೆಗೆ ಇಲ್ಲಿ ಉಳಿಯಲಿಲ್ಲ.

ಇನ್ನೊಂದು ಗಮನಿಸಿ. ಸರೋಜಿನಿ ಬಾಯಿ ಬಿಡದೆ ಹಿಂದಿರುಗುವ ಜಾಗಕ್ಕೆ ಒಂದು ಪ್ಯಾರಾವೇ ಸಿಕ್ಕಿದೆ. ಒಂದು ವರ್ಷದ ಬೋರ್‌ವೆಲ್ ವ್ಯವಹಾರ ಒಂದು ವಾಕ್ಯದಲ್ಲಿ ಮುಗಿದಿದೆ. ಕಥೆ ಯಾವ ತೀರ್ಮಾನದ ಮೇಲೆ ತಿರುಗುತ್ತದೋ ಅಲ್ಲಿ ಜಾಗ ಕೊಡಬೇಕು, ಉಳಿದದ್ದು ಓಡಲಿ. ಎಲ್ಲ ಅಧ್ಯಾಯಕ್ಕೂ ಸಮಪಾಲು ಹಂಚಲು ಹೋದರೆ ಪಾಲುಪಟ್ಟಿಯಾಗುತ್ತದೆ, ಕಥೆಯಾಗುವುದಿಲ್ಲ.

"ಹೃದಯಸ್ಪರ್ಶಿ", "ಮನಕಲಕುವ", "ಓದುಗರನ್ನು ಹಿಡಿದಿಡುವ" ಇಂಥ ಮಾತು ಒಂದೂ ಇಲ್ಲ. ಕಲಕಬೇಕಾದದ್ದು ಅವರ ಮನಸ್ಸು, ಅದನ್ನು ನೀವೇ ಹೇಳಿಬಿಟ್ಟರೆ ಅವರಿಗೆ ಕೆಲಸ ಇರುವುದಿಲ್ಲ. ಸಂಭಾಷಣೆಯೂ ಇಲ್ಲ. ಕಾದಂಬರಿಯ ಸಂದೇಶ ಏನು ಎಂಬ ಪ್ಯಾರಾವನ್ನು ದಯವಿಟ್ಟು ಹಾಕಬೇಡಿ.

ಇಂಗ್ಲಿಷಿಗೆ ತರುವಾಗ

ಏಜೆಂಟರಿಗೆ ಹೋಗುವ ಪ್ರತಿ ಇಂಗ್ಲಿಷಿನಲ್ಲಿ ಇರಬೇಕು. ಕನ್ನಡದ ಸಾರಾಂಶವನ್ನು ವಾಕ್ಯಕ್ಕೆ ವಾಕ್ಯ ಇಳಿಸಬೇಡಿ. ಕನ್ನಡದ್ದನ್ನು ಪಕ್ಕಕ್ಕಿಟ್ಟು, ಕೊಂಡಿಗಳ ಪಟ್ಟಿ ನೋಡಿಕೊಂಡು ಮತ್ತೊಮ್ಮೆ ಬರೆಯಿರಿ. ನಿಮಗೆ ಇಂಗ್ಲಿಷ್ ಕಷ್ಟವಾದರೆ ಅನುವಾದಕರೇ ಬರೆಯಲಿ. ಪದದ ಲೆಕ್ಕವೂ ಬೇರೆಯಾಗುತ್ತದೆ. ನಮ್ಮ ಪದಗಳಿಗೆ ಬಾಲ ಉದ್ದ. "ಬರೆದುಕೊಡುತ್ತಾಳೆ" ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ. ಕನ್ನಡದಲ್ಲಿ ಒಂದು ಪುಟ ಇದ್ದದ್ದು ಅಲ್ಲಿ ಒಂದೂವರೆಗೆ ಹೋದರೆ ಗಾಬರಿ ಬೇಡ, ಆದರೆ ಮೊದಲೇ ಜಾಗ ಬಿಟ್ಟುಕೊಳ್ಳಿ.

ಹೆಸರಿನ ಸ್ಪೆಲ್ಲಿಂಗ್ ಒಂದೇ ರೀತಿ ಇರಲಿ. ಕುಞ್ಞಂಬುವನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯಬಹುದು, ಒಂದನ್ನು ಹಿಡಿದು ಸಾರಾಂಶ, ಮಾದರಿ ಅಧ್ಯಾಯ, ಪತ್ರ ಮೂರರಲ್ಲೂ ಅದನ್ನೇ ಬಳಸಿ. ಊರಿನ ಹೆಸರಿಗೂ ಹಾಗೆಯೇ. ಕನ್ನಡದವರು ಒಂದು ರೀತಿ ಕರೆಯುತ್ತೇವೆ, ಮಲಯಾಳದವರು ಇನ್ನೊಂದು ರೀತಿ, ಬಸ್ಸಿನ ಬೋರ್ಡಿನಲ್ಲಿ ಮೂರನೆಯದು ಇರುತ್ತದೆ.

ಕಾದಂಬರಿಯಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ ಬೆರೆತಿದೆಯೇ? ಅದನ್ನು ಸಾರಾಂಶದೊಳಗೆ ತುರುಕಬೇಡಿ, ಜೊತೆಯ ಪತ್ರದಲ್ಲಿ ಒಂದು ವಾಕ್ಯ ಬರೆಯಿರಿ. ನಿರೂಪಣೆ ಯಾವ ಕನ್ನಡದಲ್ಲಿದೆ, ಮಾತುಕತೆ ಯಾವುದರಲ್ಲಿದೆ, ಅನುವಾದದಲ್ಲಿ ಆ ವ್ಯತ್ಯಾಸ ಹೇಗೆ ತೋರುತ್ತೀರಿ. ಗಡಿನಾಡಿನ ಕಾದಂಬರಿಗೆ ಇದು ಬಲ. ಆದರೆ ಕಥೆ ಮೊದಲು ತಲುಪಬೇಕು.

ಫೈಲು, ಫಾಂಟು, ಮೇಲ್

ಮೊದಲು ಏಜೆನ್ಸಿಯ ವೆಬ್‌ಸೈಟಿನಲ್ಲಿ ಏನು ಕೇಳಿದ್ದಾರೆ ನೋಡಿ. ಒಬ್ಬರು ಒಂದು ಪುಟ ಎಂದರೆ ಇನ್ನೊಬ್ಬರು ಎರಡು ಎನ್ನುತ್ತಾರೆ. ಏನೂ ಹೇಳದಿದ್ದರೆ ಇಂಗ್ಲಿಷಿನಲ್ಲಿ 500ರಿಂದ 800 ಪದದೊಳಗೆ ಮುಗಿಸಿ. ಸಾಮಾನ್ಯ ಫಾಂಟು, 12ರ ಅಳತೆ, ಪುಟದ ಮೇಲೆ ಕಾದಂಬರಿಯ ಹೆಸರು, ನಿಮ್ಮ ಹೆಸರು. ಬಣ್ಣ, ಬಾರ್ಡರು, ಫೋಟೋ ಬೇಡ. ಜೊತೆಗೆ ಮೊದಲ ಮೂರು ಅಧ್ಯಾಯ ಅಥವಾ ಮೊದಲ ಐವತ್ತು ಪುಟ ಕೇಳುವುದು ವಾಡಿಕೆ. ನಿಮಗೆ ಇಷ್ಟವಾದ ಹದಿನೇಳನೇ ಅಧ್ಯಾಯ ಆರಿಸಿ ಕಳಿಸುವಂತಿಲ್ಲ.

ಕನ್ನಡದ ಪ್ರಕಾಶಕರಿಗೆ ಕಳಿಸುವವರು ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕಾದಂಬರಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿಯೇ ಎಡವಟ್ಟಾಗುವುದು. ಪಿಡಿಎಫ್ ಪ್ರತಿಯನ್ನೂ ಜೊತೆಗೆ ಇಡಿ.

ಜೊತೆಯ ಪತ್ರ ಒಂದು ಪುಟ ಮೀರಬಾರದು. ಕಾದಂಬರಿ ಏನು, ಎಷ್ಟು ಪದ, ಕನ್ನಡದಲ್ಲಿ ಪ್ರಕಟವಾಗಿದ್ದರೆ ಯಾರಿಂದ, ಯಾವಾಗ, ಅನುವಾದ ಎಷ್ಟು ಮುಗಿದಿದೆ, ನೀವು ಯಾರು. ಹಿರಿಯರು ಬರೆದುಕೊಟ್ಟ ಮುನ್ನುಡಿ, ಸನ್ಮಾನದ ಫೋಟೋ, ಪತ್ರಿಕೆಯ ಕಟಿಂಗ್ ಲಗತ್ತಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅದನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳಿ. ಪ್ರಶಸ್ತಿ ಬಂದಿದ್ದರೆ ಒಂದು ಸಾಲು ಸಾಕು.

ಕಳಿಸುವ ಮೊದಲು, ಕಳಿಸಿದ ಮೇಲೆ

ಓದಲು ಫೀಸು ಕೇಳುವ ಏಜೆಂಟರಿಂದ ದೂರ ಇರಿ. ಒಳ್ಳೆಯ ಏಜೆಂಟರಿಗೆ ಹಣ ಬರುವುದು ನಿಮ್ಮ ಪುಸ್ತಕ ಮಾರಿದ ಮೇಲೆ, ಮೊದಲಲ್ಲ. "ರಿಜಿಸ್ಟ್ರೇಶನ್", "ಎಡಿಟಿಂಗ್ ಪ್ಯಾಕೇಜ್" ಎಂದು ಬೇರೆ ಹೆಸರು ಇಟ್ಟು ಕೇಳಿದರೂ ಅದು ಫೀಸೇ.

ಉತ್ತರಕ್ಕೆ ಎರಡು ಮೂರು ತಿಂಗಳಾಗುವುದು ಮಾಮೂಲು. ಬರದೇ ಇರುವುದೂ ಮಾಮೂಲು. ಬೇರೆಯವರಿಗೂ ಕಳಿಸಿದ್ದರೆ ಪತ್ರದಲ್ಲಿ ಹೇಳಿ, ತಪ್ಪೇನಿಲ್ಲ. ಅವರು ಹೇಳಿದ ಅವಧಿ ಮುಗಿದ ಮೇಲೆ ಒಂದು ಚಿಕ್ಕ ಮೇಲ್ ಹಾಕಬಹುದು. ಫೋನ್ ಮಾಡಿ "ಓದಿದ್ರಾ?" ಎಂದು ಕೇಳುವುದು ನಮ್ಮ ಊರಿನ ಪ್ರಕಾಶಕರ ಹತ್ತಿರ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ.

ಇದಕ್ಕೆಲ್ಲ ಮೊದಲು ಎರಡು ಕಾಗದ ನೋಡಿಕೊಳ್ಳಿ. ಕಾದಂಬರಿ ಕನ್ನಡದಲ್ಲಿ ಈಗಾಗಲೇ ಬಂದಿದ್ದರೆ ಪ್ರಕಾಶಕರ ಜೊತೆಗಿನ ಕರಾರು ತೆಗೆದು ಅನುವಾದದ ಹಕ್ಕು ಯಾರ ಹತ್ತಿರ ಇದೆ ಎಂದು ಓದಿ. ಕರಾರೇ ಇಲ್ಲ, ಬಾಯಿಮಾತಿನಲ್ಲಿ ಆದದ್ದು ಎಂದಾದರೆ, ಹಕ್ಕು ನಿಮ್ಮದೇ ಎಂದು ಅವರಿಂದ ಒಂದು ಮೇಲ್ ತರಿಸಿಕೊಳ್ಳಿ. ಎರಡನೆಯದು ಅನುವಾದಕರದ್ದು. ಗೆಳೆತನದಲ್ಲಿ ಮಾಡಿಕೊಟ್ಟರೂ ಹೆಸರು ಎಲ್ಲಿ ಬರಬೇಕು, ಹಣದಲ್ಲಿ ಪಾಲೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಇಂಟರ್‌ನ್ಯಾಷನಲ್ ಬೂಕರಿನ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ ಅರ್ಧರ್ಧ ಹಂಚುತ್ತಾರೆ. ನಿಮ್ಮ ಲೆಕ್ಕ ಬೇರೆ ಇರಬಹುದು, ಆದರೆ ಏಜೆಂಟರು ಹಸ್ತಪ್ರತಿ ಪೂರ್ತಿ ಕಳಿಸಿ ಎಂದ ದಿನ ಆ ಮಾತು ಶುರುಮಾಡಬೇಡಿ, ಮೊದಲ ಮೇಲ್ ಹೋಗುವ ಮುಂಚೆಯೇ ಮುಗಿಸಿ.